ಬೈತಲೆ

ಕಿಸುಮು ಪೇಟೆಯಲ್ಲಿ, ಬಸ್ ನಿಲ್ದಾಣದ ಹಿಂದೆ,
ತಗಡಿನ ಗೂಡೊಂದು ನನ್ನದು. ಕನ್ನಡಿ ಒಂದೂವರೆ.
ಇನ್ನರ್ಧ ಹೋದ ವರ್ಷದ ಗಾಳಿಗೆ ಹೋಯಿತು.
ಇಪ್ಪತ್ತೆರಡು ವರ್ಷದಿಂದ ಜಡೆ ಹೆಣೆಯುತ್ತೇನೆ.
ಬೆರಳಿಗೆ ಗೊತ್ತಾದದ್ದು ಬಾಯಿಗೆ ಗೊತ್ತಾಗಬಾರದು
ಎಂದು ಕಲಿಸಿದ್ದಳು, ಕೆಲಸ ಕಲಿಸಿದ ಮುದುಕಿ ದೋರ್ಕಾ.

ಅವೂರ್ ಬರುವುದು ಗುರುವಾರ, ಸರೋವರದ ಮೀನು ಮಾರಿ.
ಲಿಂಬೆ ತಿಕ್ಕಿದರೂ ಹೋಗದ ವಾಸನೆ ಕೈಗೆ.
ಮೊದಲ ಸಲ ಬೈತಲೆ ತೆಗೆಯುವಾಗ
ಬಾಚಣಿಗೆಯ ಬಾಲ ಎಡಗಿವಿಯ ಮೇಲೆ ತಡೆಯಿತು:
ನಾಣ್ಯದಗಲ ಬೋಳು, ಅಂಚು ಇನ್ನೂ ಹಸಿ.
ಬಾಗಿಲು ಬಡಿಯಿತು, ಅಂದಳು.
ಹ್ಞೂಂ, ಅಂದೆ.
ಬಾಗಿಲಿಗೆ ಬೆರಳುಗಳಿರುತ್ತವೆಯೇ? ಕೇಳಲಿಲ್ಲ.
ಮೂರು ಜಡೆ ಅಡ್ಡ ಎಳೆದು ಮುಚ್ಚಿದೆ.
ಮುಚ್ಚಿದ್ದಕ್ಕೂ ದುಡ್ಡು ತೆಗೆದುಕೊಂಡೆ.

ಆಮೇಲೆ ತಾನೇ ಹೇಳತೊಡಗಿದಳು. ನನಗಲ್ಲ, ಕನ್ನಡಿಗೆ.
ಅತ್ತೆಗೆ ಹೇಳಿದ್ದಳಂತೆ. ಅತ್ತೆ ತನ್ನ ಅಂಗಿಯ ಹೆಗಲು ಸರಿಸಿ
ಹಳೆಯ ಗುರುತು ತೋರಿಸಿ, ಕೆನ್ನೆ ಸವರಿ,
ಗಂಜಿ ಕೊಟ್ಟಳಂತೆ.
ಪಾದ್ರಿ ಅಂದನಂತೆ, ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ.
"ಇವನು ಶುರುಮಾಡುವುದೇ ಉಂಡು ಕೈ ತೊಳೆದ ಮೇಲೆ"
ಎಂದು ನಕ್ಕಳು. ನಾನೂ ನಕ್ಕೆ. ದೇವರೇ, ನಾನೂ ನಕ್ಕೆ.
ಠಾಣೆಯಲ್ಲಿ ಕಾಗದ ಕೊಟ್ಟು ಡಾಕ್ಟರ ಸಹಿ ತಾ ಅಂದರು.
ಡಾಕ್ಟರು ಊರಲ್ಲಿರಲಿಲ್ಲ. ಬರುವಷ್ಟರಲ್ಲಿ
ಊದಿದ್ದು ಇಳಿದು, ಕಪ್ಪಿದ್ದು ಮೈಬಣ್ಣಕ್ಕೆ ಸೇರಿ
ಸಾಕ್ಷಿಯೇ ವಾಸಿಯಾಗಿಬಿಟ್ಟಿತ್ತು.

ಬೈಕಿನ ಸ್ಟ್ಯಾಂಡಿನ ಸದ್ದು ಅವಳಿಗೆ ಬಾಯಿಪಾಠ.
ಒಂದೇ ಒದೆತಕ್ಕೆ ನಿಂತರೆ ಸುಮ್ಮನೆ ಕಳೆಯುವ ರಾತ್ರಿ.
ಎರಡು ಮೂರಾದರೆ ಮಕ್ಕಳನ್ನು
ಉಪ್ಪು ಇಸಿದುಕೊಂಡು ಬನ್ನಿ ಎಂದು ಪಕ್ಕದ ಮನೆಗೆ ಕಳಿಸಬೇಕು.
ಪಕ್ಕದವಳು ಉಪ್ಪು ಕೊಡುವುದಿಲ್ಲ.
ಚಾಪೆ ಹಾಸುತ್ತಾಳೆ.

ಒಂದು ಗುರುವಾರ ಕುರ್ಚಿಯಲ್ಲಿ ಕೂತವಳೇ
"ಜಡೆ ಬೇಡ," ಅಂದಳು. "ಹಿಡಿಗೆ ಸಿಗದ ಹಾಗೆ ಕತ್ತರಿಸು."
ಕತ್ತರಿಸಿದೆ. ಬಯಲಾದ ತಲೆಯ ತುಂಬ ಬರಹ.
ಇದು ಸೌಟು, ಇದು ಗೋಡೆ, ಇದು...
"ಬಿಡು," ಅಂದಳು.
ಆ ದಿನದ ಕೂಲಿ ಖಾಲಿ ಎಣ್ಣೆಡಬ್ಬಿಗೆ ಬಿತ್ತು,
ಮುಚ್ಚಳದ ಮೇಲೆ ಹಲ್ಲು ಬಿಟ್ಟು ನಗುವ ಹುಡುಗಿ.
ವಾರಕ್ಕೆ ಐವತ್ತು ಶಿಲಿಂಗ್, ಒಮ್ಮೆ ಇಪ್ಪತ್ತು,
ಒಮ್ಮೆ ಏನೂ ಇಲ್ಲ, ಆಗ ನಾನು ಹಾಕಿದೆ.
ಮಕ್ಕಳ ಜನನಪತ್ರ, ಒಂದು ಜೊತೆ ಚಪ್ಪಲಿ,
ಕಿಟಾಲೆಯ ಅಕ್ಕನ ನಂಬರು
ನನ್ನ ಸವರಿಗಳ ಕಟ್ಟಿನಡಿ ಮಲಗಿದವು.

ಹೋದಳು. ಇಪ್ಪತ್ತು ದಿನಕ್ಕೆ ಮರಳಿ ಬಂದಳು.
ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ.
"ಚಿಕ್ಕವನು ಅಪ್ಪ ಅಪ್ಪ ಅಂತ ಊಟ ಬಿಟ್ಟ," ಅಂದಳು.
ಬೈಯಲೆಂದು ಬಾಚಣಿಗೆಯ ಕೈ ಎತ್ತಿದ್ದೇ,
ನೆರಳಿಗೇ ತಲೆ ತಗ್ಗಿಸಿ
ಮೊಣಕೈಯಲ್ಲಿ ಮುಖ ಮುಚ್ಚಿಕೊಂಡಳು.

ಎಷ್ಟು ಹೊತ್ತೋ, ಆ ಕೈ ಎಲ್ಲಿಡುವುದೆಂದು ತಿಳಿಯಲಿಲ್ಲ.
ಕೊನೆಗೆ ಡಬ್ಬಿ ಎತ್ತಿ ಮತ್ತೆ ಅದರ ಜಾಗದಲ್ಲಿಟ್ಟೆ.

ಈಗ ರಾತ್ರಿಗೊಂದು ಮಿಸ್ ಕಾಲ್.
ಒಂದು ರಿಂಗು: ಮಲಗಿದ. ಎರಡು: ಬಾ.
ಎರಡು ಸಲ ಹೋಗಿದ್ದೇವೆ, ಏಳು ಹೆಂಗಸರು, ಪಾತ್ರೆ ಬಡಿಯುತ್ತಾ;
ಒಬ್ಬಳ ಕೈಯ ಬಾಣಲೆ ಒಲೆಯಿಂದಿಳಿದು ಇನ್ನೂ ಚುರುಗುಟ್ಟುತ್ತಿತ್ತು.
"ಏನು, ಹಬ್ಬವೇ?" ಅಂದ, ಬಾಗಿಲಿಗಡ್ಡ ನಿಂತು.
ಯಾರೂ ಉತ್ತರಿಸಲಿಲ್ಲ. ಬಡಿಯುತ್ತಲೇ ಇದ್ದೆವು.

ನಿನ್ನೆ ಕೂದಲು ನೋಡಿದೆ, ಬೆರಳಗಲ ಬೆಳೆದಿದೆ.
ಎಡಗಿವಿಯ ಮೇಲೆ ಇಲ್ಲ. ಅಲ್ಲಿನ್ನು ಬರುವುದಿಲ್ಲ.
ಡಬ್ಬಿಯಲ್ಲಿ ಮೂರು ಸಾವಿರದ ನೂರ ನಲವತ್ತು,
ಎಣಿಸಿ ಅವಳ ಮಡಿಲಿಗೆ ಸುರಿದೆ.
"ಇನ್ನೆಷ್ಟು ಬೇಕು?" ಅಂದೆ.
ಕನ್ನಡಿ ಬಿಟ್ಟು, ಮೊದಲ ಸಲ ನನ್ನನ್ನೇ ನೋಡಿ
"ದುಡ್ಡಾ?" ಎಂದು ಕೇಳಿದಳು.